ಬೇಲಿಯಿಲ್ಲದ ಬಯಲಿನಲ್ಲಿ ಹಿಂಡಿನ ಜೊತೆ ಅರ್ಧ ದಿನ

ಹಳೆ ಮೈಸೂರಿನ ಅರಸರು ದನಗಳಿಗೆಂದೇ ಕಾವಲು, ಅಂದರೆ ಹುಲ್ಲುಗಾವಲು, ಬಿಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಅಜ್ಜಂಪುರ, ಕಡೂರಿನ ಸುತ್ತ ಆ ಕಾವಲುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಆದರೆ ಬೆಳಗಾವಿ ಜಿಲ್ಲೆಯ ಅಥಣಿ, ರಾಯಬಾಗ, ಚಿಕ್ಕೋಡಿಯ ಕುರುಬರು ನೆಚ್ಚಿಕೊಂಡಿರುವುದು ಅರಸರ ಕಾವಲನ್ನಲ್ಲ, ರೈತರ ಹೊಲವನ್ನು. ರಾಶಿ ಮುಗಿದು ಹೊಲ ಬರಿದಾಯಿತೆಂದರೆ ಅದೇ ಮೇವಿನ ಬಯಲು. ಮುಂಗಾರು ಬಿತ್ತನೆಗೆ ಅದು ಮತ್ತೆ ರೈತನದು. ಇಲ್ಲಿ ನಡೆದಾಡಲು ಬೆಟ್ಟ ಹತ್ತುವ ಕಸುವು ಬೇಕಿಲ್ಲ. ರೈತನಿಗೂ ಕುರುಬನಿಗೂ ಇರುವ ಕರಾರು ತಿಳಿದಿದ್ದರೆ ಸಾಕು.

ಯಾವಾಗ, ಎಲ್ಲಿ

ಬಿಳಿಜೋಳದ ರಾಶಿ ಮುಗಿಯುವ ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಗಳಲ್ಲಿ ವರ್ಷವಿಡೀ ಕಬ್ಬು ನಿಂತಿರುವುದರಿಂದ ಕಾಗವಾಡ, ಉಗಾರದ ನದಿಬದಿಯಲ್ಲಿ ಹಿಂಡಿಗೆ ಜಾಗ ಕಡಿಮೆ. ಸಹ್ಯಾದ್ರಿಗೆ ಹತ್ತಿರವಾದ ನಿಪ್ಪಾಣಿಗೆ ಮಳೆ ಹೆಚ್ಚು. ಪೂರ್ವಕ್ಕೆ ಬಂದಷ್ಟೂ ಅದು ಇಳಿಯುತ್ತದೆ. ಹಾಗಾಗಿ ಅಥಣಿಯಿಂದ ತೆಲಸಂಗದ ಕಡೆಗಿನ ಎರೆಹೊಲಗಳು, ರಾಯಬಾಗ ತಾಲ್ಲೂಕಿನ ಕಲ್ಲುನೆಲದ ಮಡ್ಡಿಗಳು ಇಂಥ ನಡಿಗೆಗೆ ಹೊಂದುತ್ತವೆ. ಮಿರಜ–ಲೋಂಡಾ ರೈಲು ಮಾರ್ಗದಲ್ಲಿ ಕುಡಚಿ, ಚಿಂಚಲಿ, ರಾಯಬಾಗ ನಿಲ್ದಾಣಗಳಿವೆ. ಭರತ ಹುಣ್ಣಿಮೆಯ ಹೊತ್ತಿಗೆ ಬಂದರೆ ಚಿಂಚಲಿ ಮಾಯಕ್ಕನ ಜಾತ್ರೆಯೂ ಸಿಗುತ್ತದೆ.

ಈ ದಾರಿಗೆ ನಕ್ಷೆಯಿಲ್ಲ. ಊರಿನ ಚಹಾದಂಗಡಿಯಲ್ಲಿ "ನಿನ್ನೆ ರಾತ್ರಿ ಕುರಿ ಯಾರ ಹೊಲದಾಗ ತರುಬಿದ್ರು?" ಎಂದು ಕೇಳಿದರೆ ದಿಕ್ಕು ತೋರಿಸುತ್ತಾರೆ.

ತರುಬಿನ ಲೆಕ್ಕ

ಕುರಿ ತರುಬುವುದೆಂದರೆ ರಾತ್ರಿ ಹಿಂಡನ್ನು ಒಬ್ಬರ ಹೊಲದಲ್ಲಿ ನಿಲ್ಲಿಸುವುದು. ಗೂಟ ನೆಟ್ಟು, ನೈಲಾನ್ ಬಲೆ ಸುತ್ತಿ, ಹಿಂಡನ್ನು ಒತ್ತೊತ್ತಾಗಿ ಒಳಗೆ ಕೂಡುತ್ತಾರೆ. ಮರುರಾತ್ರಿ ಬಲೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹೀಗೆ ಹಿಕ್ಕೆ, ಗಂಜಲ ಇಡೀ ಹೊಲಕ್ಕೆ ಬೀಳುತ್ತದೆ. "ಮಾಮಾ, ನಮ್ಮ ಹೊಲದಾಗೂ ಎರಡ ರಾತ್ರಿ ತರುಬ್ರಿ" ಎಂದು ರೈತರೇ ಕರೆಯುವುದುಂಟು. ಪ್ರತಿಯಾಗಿ ಜೋಳವೋ ರೊಕ್ಕವೋ ಸಲ್ಲುತ್ತದೆ. ಕುರಿಗಳ ಸಂಖ್ಯೆ, ರಾತ್ರಿಗಳ ಲೆಕ್ಕ, ನೀರಿನ ಅನುಕೂಲ ನೋಡಿ ದರ ಗೊತ್ತಾಗುತ್ತದೆ.

ರೈತನಿಗೆ ಇದರಲ್ಲಿ ಗೊಬ್ಬರ ಹೊರುವ ಗಾಡಿಯ ಖರ್ಚು ಉಳಿಯುತ್ತದೆ. ದನದ ಸಗಣಿಗಿಂತ ಕುರಿಹಿಕ್ಕೆಯಲ್ಲಿ ಸಾರಜನಕ ಹೆಚ್ಚು, ನೀರಿನಂಶ ಕಡಿಮೆ. ಗಂಜಲದ ಸಾರಜನಕ ಮಾತ್ರ ಬಿಸಿಲಿಗೆ ಅಮೋನಿಯಾ ಆಗಿ ಹಾರಿಹೋಗುತ್ತದೆ. ಆದ್ದರಿಂದ ಹಿಂಡು ಎದ್ದ ಮೇಲೆ ತಡಮಾಡದೆ ಕುಂಟೆ ಹೊಡೆದು ಮಣ್ಣು ಮುಚ್ಚಿದವನಿಗೆ ಲಾಭ ಜಾಸ್ತಿ.

ಹಿಂಡಿನ ಜೊತೆ ನಡೆಯುವಾಗ

ಬೆಳಕು ಹರಿಯುವ ಹೊತ್ತಿಗೆ ತರುಬಿನ ಬಳಿ ಇರಬೇಕು. ಮರಿಗಳನ್ನು ತಾಯಂದಿರಿಗೆ ಕುಡಿಯಲು ಬಿಡುವುದು, ಕುಂಟುವ ಕುರಿಯ ಗೊರಸು ನೋಡುವುದು, ಸಾಮಾನನ್ನು ಕುದುರೆಯ ಮೇಲೆ ಹೇರುವುದು ಎಲ್ಲವೂ ಆಗಲೇ ನಡೆಯುತ್ತವೆ. ಇಬ್ಬನಿ ಇದ್ದ ದಿನ ಹಿಂಡು ತಡವಾಗಿ ಹೊರಡುತ್ತದೆ. ಹಸಿ ಹುಲ್ಲಿನ ತುದಿಗೆ ಜಂತುಹುಳುವಿನ ಮರಿಗಳು ಏರಿ ಕೂತಿರುತ್ತವೆ, ಇಬ್ಬನಿ ಆರಿದ ಮೇಲೆ ಮೇಯಿಸಿದರೆ ಕಾಟ ಕಡಿಮೆ. ಬಿಸಿಲು ಜೋರಾದ ತಿಂಗಳುಗಳಲ್ಲಿ ಬೇಗ ಹೊರಟು ನಡುಮಧ್ಯಾಹ್ನ ಬೇವಿನ ನೆರಳಿಗೆ ಬೀಳುತ್ತಾರೆ. ಅಲ್ಲಿಗೆ ನಿಮ್ಮ ನಡಿಗೆಯನ್ನೂ ಮುಗಿಸಬಹುದು.

ಕುರುಬ ಹಿಂಡನ್ನು ತಟ್ಟನೆ ಒಂದು ಬದಿಗೆ ತಿರುಗಿಸಿದರೆ ನೆಲ ನೋಡಿ. ಕೊಯ್ದ ಜೋಳದ ಕೂಳೆ ತೇವಕ್ಕೆ ಚಿಗುರಿರಬಹುದು. ಗೇಣುದ್ದದ ಆ ಹಸಿರು ಚಿಗುರನ್ನು ಕುರಿ ಜಗಿದಾಗ ಹೊಟ್ಟೆಯಲ್ಲಿ ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಉಸಿರು ಕಟ್ಟಿ ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು. ಪಕ್ಕದಲ್ಲೇ ಒಣಗಿ ನಿಂತ ದಂಟಿನ ಗರಿಯನ್ನು ಅದೇ ಹಿಂಡು ಧಾರಾಳವಾಗಿ ಮೇಯುತ್ತದೆ.

ನೀವು ಹಿಂಡಿನ ಮುಂದೆ ಹೋಗಬೇಡಿ. ಹಿಂದೆ ಅಥವಾ ಓರೆಯಲ್ಲಿ ನಡೆಯಿರಿ. ಕುರುಬರು ಕೂಗಿ ಹೇಳುವ ತನಕ ತರುಬಿನ ಹತ್ತಿರ ಸುಳಿಯಬೇಡಿ, ತೋಳದಿಂದ ಹಿಂಡು ಕಾಯುವ ನಾಯಿಗೆ ನೆಂಟರು, ಕಳ್ಳರು ಇಬ್ಬರೂ ಒಂದೇ. ಮರಿಯ ಫೋಟೊ ತೆಗೆಯುವ ಮುನ್ನ ಕೇಳಿ. ಜಾಲಿಮುಳ್ಳು ದಾಟದ ಗಟ್ಟಿ ತಳದ ಬೂಟು, ತಲೆಗೆ ಟವೆಲು, ಕುಡಿಯುವ ನೀರು ಜೊತೆಗಿರಲಿ. ಎರೆನೆಲ ಬಿಸಿಲಿಗೆ ಬಿರಿದು ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿಬಿಟ್ಟಿರುತ್ತದೆ. ಅಡ್ಡಮಳೆ ಬಿದ್ದರೆ ಅದೇ ಮಣ್ಣು ಬೂಟಿಗೆ ಮೆತ್ತಿ ಹೆಜ್ಜೆ ಕೀಳಲಾಗದು. ಮಳೆಗಾಲದಲ್ಲಿ ಕುರುಬರೂ ಗೊರಸು ಕೊಳೆಯುವ ಭಯಕ್ಕೆ ಎರೆ ಬಿಟ್ಟು ಮಡ್ಡಿ ಹಿಡಿಯುತ್ತಾರೆ.

ಹೊಲ ಸಿಗದಿದ್ದರೆ

ಕರಿ ಉಣ್ಣೆಯ ದಖನಿ ಕುರಿಗಳ ನಡುವೆ ಕೆಂಪು, ಎತ್ತರದ ಎಳಗ ಕುರಿಗಳು ಕಂಡರೆ ಅದು ಮಾಂಸದ ಪೇಟೆಯ ಪ್ರಭಾವ. ಕಂಬಳಿಗೆ ಗಿರಾಕಿ ಕಡಿಮೆಯಾದಂತೆ ಉಣ್ಣೆಗೆ ಬೆಲೆ ಉಳಿದಿಲ್ಲ. ಇದಕ್ಕಿಂತ ದೊಡ್ಡ ತೊಡಕು ನೆಲದ್ದು: ನೀರಾವರಿ ಬಂದಲ್ಲಿ ಹೊಲ ಖಾಲಿ ಬೀಳುವುದೇ ಇಲ್ಲ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಆದರೆ ಇಲ್ಲಿನ ಕುರುಬರಿಗೆ ಬೇಕಿರುವುದು ಬೆಳೆ ಬದಲಿಸುವ ನಡುವಿನ ಕೆಲವು ರಾತ್ರಿಗಳು ಮಾತ್ರ. ನಿಮ್ಮದೇ ಹೊಲವಿದ್ದರೆ ಒಣಗರಿಯ ರವದಿಗೆ ಬೆಂಕಿ ಹಚ್ಚುವ ಮೊದಲು, ಹತ್ತಿರದಲ್ಲಿ ಹಿಂಡು ಇಳಿದಿದೆಯೇ ಎಂದು ವಿಚಾರಿಸಿ. ಗೊಬ್ಬರ ತಾನಾಗಿ ನಡೆದುಕೊಂಡು ಬರುತ್ತದೆ.