ಮೂಲ ಆಕೃತಿಗಳಿಂದ ಪ್ರಾಣಿಪಾತ್ರ: ತುಮಕೂರು, ಗುಬ್ಬಿ, ಕುಣಿಗಲ್ ಪರಿಸರದ ಜನಪದ ರೂಪರಚನೆ ಮತ್ತು ಡಿಜಿಟಲ್ ಚಿತ್ರಕಲೆ

ಪ್ರಸ್ತಾವನೆ

ಪ್ರಾಣಿಯ ಚಿತ್ರವನ್ನು ವೃತ್ತ, ತ್ರಿಕೋನ, ಚೌಕ, ಅಂಡಾಕೃತಿ ಎಂಬ ಮೂಲ ಆಕೃತಿಗಳಿಂದ ಕಟ್ಟುವುದು ಚಿತ್ರಕಲೆಯ ಮೊದಲ ಪಾಠಗಳಲ್ಲಿ ಒಂದು. ಗಣಕಯಂತ್ರದಲ್ಲಿ ಚಿತ್ರ ರಚಿಸುವ ಇಂದಿನ ಕಲಾವಿದರೂ ಈ ಪಾಠದಿಂದಲೇ ತೊಡಗುತ್ತಾರೆ. ಮಕ್ಕಳ ಪುಸ್ತಕ, ಪಠ್ಯಸಾಮಗ್ರಿ, ಅನಿಮೇಶನ್ ಚಿತ್ರಗಳಿಗೆ ಬೇಕಾದ ಪ್ರಾಣಿಪಾತ್ರಗಳು ಹೀಗೆಯೇ ಹುಟ್ಟುತ್ತಿವೆ. ಇದನ್ನು ಹೊರಗಿನಿಂದ ಬಂದ ಹೊಸ ವಿದ್ಯೆಯೆಂದು ಭಾವಿಸುವುದು ರೂಢಿಯಾಗಿದೆ. ಆದರೆ ನಮ್ಮ ಹೊಸಿಲಿನ ರಂಗೋಲಿ, ಮಣ್ಣಿನ ಮೂರ್ತಿ, ತೊಗಲುಗೊಂಬೆ ಮತ್ತು ಕೀಲುಕುದುರೆಗಳಲ್ಲಿ ಮೂಲ ಆಕೃತಿಗಳಿಂದ ಪ್ರಾಣಿಯನ್ನು ಕಟ್ಟುವ ಖಚಿತವಾದ ಕ್ರಮಗಳು ಬಹುಕಾಲದಿಂದ ಇವೆ.

ಪ್ರಸ್ತುತ ಲೇಖನವು ತುಮಕೂರು, ಗುಬ್ಬಿ, ಕುಣಿಗಲ್ ಪರಿಸರವನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಕ್ರಮಗಳನ್ನು ವಿವರಿಸುತ್ತದೆ. ಮೂಲ ಆಕೃತಿಗಳು ಎಲ್ಲರ ಸ್ವತ್ತು. ಪಾತ್ರದ ಸ್ವಂತಿಕೆ ಇರುವುದು ಆಕೃತಿಗಳನ್ನು ಜೋಡಿಸುವ ಅನುಕ್ರಮದಲ್ಲಿ, ಅವುಗಳ ಪ್ರಮಾಣದಲ್ಲಿ, ಯಾವುದನ್ನು ಬಿಡಬೇಕೆಂಬ ತೀರ್ಮಾನದಲ್ಲಿ. ನಮ್ಮ ಜಾನಪದ ದಾಖಲೀಕರಣವು ಬಹುಮಟ್ಟಿಗೆ ಸಿದ್ಧರೂಪಗಳನ್ನು ಉಳಿಸಿಕೊಂಡಿದೆ. ಅವುಗಳನ್ನು ಕಟ್ಟುವ ಕ್ರಮವನ್ನು ಉಳಿಸಿಕೊಂಡಿರುವುದು ಕಡಿಮೆ. ಇದೇ ಇಲ್ಲಿಯ ಮುಖ್ಯ ವಾದ.

ಚುಕ್ಕಿಯ ಲೆಕ್ಕ

ಚುಕ್ಕಿ ರಂಗೋಲಿಯಲ್ಲಿ ಮುಖ್ಯವಾಗಿ ಎರಡು ಬಗೆ: ನೇರ ಚುಕ್ಕಿ ಮತ್ತು ಸಂದು ಚುಕ್ಕಿ. ಸಾಲಿಗೆ 7ರಂತೆ 7 ಸಾಲು ನೇರ ಚುಕ್ಕಿ ಇಟ್ಟರೆ 49 ಚುಕ್ಕಿಗಳ ಚೌಕ ದೊರೆಯುತ್ತದೆ. ನಡುವಿನ ಸಾಲಿನಲ್ಲಿ 7 ಚುಕ್ಕಿ ಇಟ್ಟು, ಮೇಲೂ ಕೆಳಗೂ 6, 5, 4 ಎಂದು ಸಂದಿನಲ್ಲಿ ಇಳಿಸುತ್ತ ಹೋದರೆ 37 ಚುಕ್ಕಿಗಳ ಷಟ್ಕೋನ ದೊರೆಯುತ್ತದೆ. ಮೊದಲನೆಯದರಲ್ಲಿ ಅಡ್ಡ ಮತ್ತು ಲಂಬ ರೇಖೆಗಳು ಸುಲಭವಾಗಿ ಕೂಡಿಬರುತ್ತವೆ. ಎರಡನೆಯದರಲ್ಲಿ ಓರೆ ರೇಖೆಗಳು ಸಹಜವಾಗಿ ಒದಗುತ್ತವೆ. ಆನೆಯ ನಾಲ್ಕು ಕಾಲುಗಳಿಗೆ ನೇರ ಚುಕ್ಕಿ ಹೊಂದುತ್ತದೆ; ಗಿಳಿಯ ಬಾಲಕ್ಕೂ ನವಿಲಿನ ಕೊರಳಿಗೂ ಸಂದು ಚುಕ್ಕಿ ಹೊಂದುತ್ತದೆ. ಅಂದರೆ ಪ್ರಾಣಿಯ ನಿಲುವನ್ನು ಒಂದು ಗೆರೆಯನ್ನೂ ಎಳೆಯುವ ಮುನ್ನವೇ ಚುಕ್ಕಿಯ ವಿನ್ಯಾಸ ಅರ್ಧದಷ್ಟು ನಿರ್ಧರಿಸಿರುತ್ತದೆ.

ಹೆಣ್ಣುಮಕ್ಕಳು ರಂಗೋಲಿಯನ್ನು ಪರಸ್ಪರ ಹೇಳಿಕೊಡುವಾಗ ಚುಕ್ಕಿಯ ಲೆಕ್ಕವನ್ನೇ ಮೊದಲು ಹೇಳುತ್ತಾರೆಂಬುದು ಗಮನಾರ್ಹ. ಲೆಕ್ಕ ತಿಳಿದವಳು ಅದೇ ಚುಕ್ಕಿಗಳಲ್ಲಿ ಹಂಸವನ್ನು ನವಿಲಾಗಿಸಬಲ್ಲಳು, ಎರಡು ನವಿಲುಗಳನ್ನು ಎದುರುಬದುರು ನಿಲ್ಲಿಸಬಲ್ಲಳು. ಸಿದ್ಧಚಿತ್ರವನ್ನು ಮಾತ್ರ ನೋಡಿದವಳು ನೋಡಿದ್ದನ್ನೇ ಮತ್ತೆ ಬರೆಯುತ್ತಾಳೆ.

ಮಣ್ಣು ಮತ್ತು ತೊಗಲು

ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ಹಾದಿಯಲ್ಲಿರುವ ಗೂಳೂರು ತನ್ನ ಬೃಹತ್ ಮಣ್ಣಿನ ಗಣಪತಿಗೆ ಹೆಸರಾದ ಊರು. ಉಳಿದೆಡೆ ಗಣೇಶ ಚತುರ್ಥಿಗೆ ಮೂರ್ತಿ ಸಿದ್ಧವಾಗಿರಬೇಕು. ಗೂಳೂರಿನಲ್ಲಿ ಚತುರ್ಥಿಗೆ ಮಣ್ಣಿನ ಕೆಲಸ ತೊಡಗಿ, ಬಲಿಪಾಡ್ಯಮಿಯ ಹೊತ್ತಿಗೆ ಮೂರ್ತಿ ಪೂರ್ಣಗೊಂಡು, ಕಾರ್ತಿಕ ಮಾಸದಲ್ಲಿ ಪೂಜೆಗೊಳ್ಳುತ್ತದೆ. ಹಸಿಮಣ್ಣಿನ ಕೆಲಸದಲ್ಲಿ ಅನುಕ್ರಮವನ್ನು ತಪ್ಪಿಸುವಂತಿಲ್ಲ. ಭಾರ ಹೊರುವ ಪೀಠ ಮತ್ತು ಹೊಟ್ಟೆಯ ಗೋಳ ಮೊದಲು ನಿಲ್ಲಬೇಕು. ತಲೆಯ ಗೋಳ ಅದರ ಮೇಲೆ ಕೂರಬೇಕು. ಸೊಂಡಿಲು ಒಡಲಿಗೆ ಆತುಕೊಂಡು ಇಳಿಯಬೇಕು. ಮುಂದಕ್ಕೆ ಚಾಚಿದ ಮಣ್ಣಿನ ಸೊಂಡಿಲು ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ. ಎದೆಯ ಮೇಲೆ ಒರಗಿದ ಸೊಂಡಿಲಿನ ಬಾಗು ಕಣ್ಣಿಗೆ ಸೊಗಸಾಗಿ ಕಾಣುತ್ತದೆ. ಮಣ್ಣಿನ ಸ್ವಭಾವವೂ ಅದನ್ನೇ ಬಯಸುತ್ತದೆ.

ತೊಗಲುಗೊಂಬೆಯಲ್ಲಿ ಈ ನಿರ್ಬಂಧ ಬೇರೆಯ ರೀತಿಯದು. ಕಿಳ್ಳೇಕ್ಯಾತ ಕುಟುಂಬಗಳು ಹದಗೊಳಿಸಿದ ಆಡಿನ ಅಥವಾ ಜಿಂಕೆಯ ತೊಗಲಿನ ಮೇಲೆ ರೂಪ ಬರೆದು, ಅಂಚು ಕತ್ತರಿಸಿ, ಒಳಗೆ ರಂಧ್ರಗಳನ್ನು ಕೊರೆದು, ಬಣ್ಣ ಹಾಕುತ್ತವೆ. ಗೊಂಬೆಯ ಹಿಂದೆ ದೀಪವಿರುವುದರಿಂದ ಕೊರೆದ ರಂಧ್ರವು ಪರದೆಯ ಮೇಲೆ ಬೆಳಕಿನ ಚುಕ್ಕಿಯಾಗುತ್ತದೆ. ರಂಧ್ರಗಳ ಸಾಲು ಬೆಳಕಿನ ರೇಖೆಯಾಗುತ್ತದೆ. ಎರಡು ರಂಧ್ರಗಳ ನಡುವೆ ಸಾಕಷ್ಟು ತೊಗಲು ಉಳಿಯದಿದ್ದರೆ ಗೊಂಬೆ ಹರಿಯುತ್ತದೆ. ಆದ್ದರಿಂದಲೇ ಮಾಯಾಮೃಗದ ಮೈಯ ಚುಕ್ಕಿಗಳು, ಹನುಮಂತನ ಬಾಲದ ಪಟ್ಟೆಗಳು ಒಂದು ನಿಯತವಾದ ಅಂತರದಲ್ಲಿರುತ್ತವೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಪ್ರೊ. ಎಂ.ಎಸ್. ನಂಜುಂಡರಾವ್ ಅವರ ಶ್ರಮದಿಂದ ಕೂಡಿಬಂದ ತೊಗಲುಗೊಂಬೆಗಳ ಸಂಗ್ರಹವನ್ನು ಈ ದೃಷ್ಟಿಯಿಂದ ನೋಡಿದರೆ, ಅಲಂಕಾರವೆಂದು ಕಾಣುವ ಅನೇಕ ಅಂಶಗಳ ಹಿಂದೆ ತೊಗಲು ಮತ್ತು ದೀಪಗಳ ಕಾರಣವಿರುವುದು ತಿಳಿಯುತ್ತದೆ.

ಕುಣಿಗಲ್‌ನ ದಕ್ಷಿಣಕ್ಕಿರುವ ಚನ್ನಪಟ್ಟಣದ ಬೊಂಬೆಗಳಲ್ಲಿಯೂ ಇದೇ ತತ್ತ್ವವಿದೆ. ತಿರುಗುವ ಪಟ್ಟಡೆಯಲ್ಲಿ ಹಾಲೆ ಮರದಿಂದ ರೂಪುಗೊಳ್ಳುವುದು ಗೋಳ, ಉರುಳೆ, ಶಂಕು ಮಾತ್ರ. ಅಲ್ಲಿಯ ಆನೆ, ಕುದುರೆ, ಹಕ್ಕಿಗಳೆಲ್ಲ ಈ ಮೂರರ ಸಂಯೋಜನೆಗಳು.

ಮೂರು ಊರು, ಮೂರು ಪಾತ್ರ

ಮೇಲಿನ ತತ್ತ್ವಗಳಿಂದ ಹೊಸ ಪಾತ್ರವೊಂದನ್ನು ಕಟ್ಟುವುದು ಹೇಗೆಂಬುದನ್ನು ಮೂರು ನಿದರ್ಶನಗಳಿಂದ ನೋಡಬಹುದು.

ಮೊದಲನೆಯದು ತುಮಕೂರಿನ ಎತ್ತು. ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ತಳಿಗೆ ವಿಶೇಷ ಮನ್ನಣೆ. 2000ದಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀ ಗೋತಳಿಗಳ ಮೇಲೆ ಹೊರತಂದ ಅಂಚೆಚೀಟಿಗಳಲ್ಲಿ ಇದೂ ಒಂದು. ಸಿದ್ಧ ಚಿತ್ರಸಂಗ್ರಹಗಳಲ್ಲಿ ದೊರೆಯುವ ದನವು ಸಾಮಾನ್ಯವಾಗಿ ಕಪ್ಪುಬಿಳಿ ಮಚ್ಚೆಯ, ಅಗಲ ಮೋರೆಯ, ಎರಡೂ ಬದಿಗೆ ಚಾಚಿದ ಮೋಟು ಕೊಂಬಿನ ಪ್ರಾಣಿ. ಹಳ್ಳಿಕಾರ್ ಎತ್ತಿನ ಮುಖ ನೀಳವಾದದ್ದು. ಹಣೆ ಮುಂದಕ್ಕೆ ಉಬ್ಬಿ ನಡುವೆ ತಗ್ಗು ಗೆರೆಯಿರುತ್ತದೆ. ಕೊಂಬುಗಳು ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಸಾಗಿ, ತುದಿಯಲ್ಲಿ ಮುಂದಕ್ಕೆ ಬಾಗುತ್ತವೆ. ಹಾಗಾಗಿ ಮುಖಕ್ಕೆ ವೃತ್ತ ಸಲ್ಲದು. ತಲೆಕೆಳಗಾದ ನೀಳ ತ್ರಿಕೋನ ಬೇಕು. ಅದರ ಮೇಲೆ ಎರಡು ಬಿಲ್ಲಿನ ಬಾಗು. ಕೊಂಬಿನ ಬಾಗನ್ನು ಮೊದಲು ಎಳೆದು ಒಡಲನ್ನು ಅನಂತರ ಸೇರಿಸಿದರೆ ತಳಿಯ ಗುರುತು ಉಳಿಯುತ್ತದೆ. ಒಡಲನ್ನು ಮೊದಲು ಬರೆದರೆ ಕೊಂಬು ಉಳಿದ ಜಾಗದಲ್ಲಿ ಕುಗ್ಗಿ, ಯಾವ ಊರಿಗೂ ಸೇರದ ಎತ್ತಾಗುತ್ತದೆ.

ಎರಡನೆಯದು ಗುಬ್ಬಿ. ಊರಿನ ಹೆಸರೇ ಹಕ್ಕಿಯನ್ನು ನೆನಪಿಗೆ ತರುತ್ತದೆ. ಅಂಡಾಕಾರದ ಒಡಲು, ಅದಕ್ಕೆ ಅಂಟಿದಂತಿರುವ ವೃತ್ತಾಕಾರದ ತಲೆ, ಮೋಟು ಶಂಕುವಿನ ಕೊಕ್ಕು, ಗಂಡಿಗೆ ಕೊರಳ ಕೆಳಗೆ ಕಪ್ಪು ಮಚ್ಚೆ: ಇಷ್ಟಾದರೆ ಹಕ್ಕಿಯಾಯಿತು, ಪಾತ್ರವಾಗಲಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಇಲ್ಲಿ ನೆರವಿಗೆ ಬರುತ್ತದೆ. ‘ಅಕ್ಕ’ ಎಂಬ ಸಂಬಂಧವಾಚಕ ಸೇರಿದ ಕೂಡಲೇ ಹಕ್ಕಿಗೆ ಮನೆ, ನೆರೆಹೊರೆ, ಸ್ವಭಾವಗಳು ಬರುತ್ತವೆ. ಮಳೆಗೆ ಮನೆ ಕಳೆದುಕೊಂಡು ಬಾಗಿಲು ತಟ್ಟುವ ಕಾಗಕ್ಕನಿಗೆ ಉದ್ದನೆಯ ಓರೆ ಆಕೃತಿಗಳು ಸಲ್ಲುತ್ತವೆ. ಒಳಗೆ ಕುಳಿತು ಒಂದೊಂದೇ ನೆಪ ಹೇಳುವ ಗುಬ್ಬಕ್ಕನಿಗೆ ದುಂಡು ಆಕೃತಿಗಳು ಸಲ್ಲುತ್ತವೆ. ಎರಡು ಪಾತ್ರಗಳ ಆಕೃತಿಗಳು ಪರಸ್ಪರ ಭಿನ್ನವಾದಷ್ಟೂ ಕಥೆಯ ಸಂಬಂಧ ಸ್ಪಷ್ಟವಾಗುತ್ತದೆ.

ಮೂರನೆಯದು ಕುಣಿಗಲ್‌ನ ಕುದುರೆ. ಇಲ್ಲಿಯ ಕುದುರೆ ಫಾರಂನ ಹೆಸರಿನೊಂದಿಗೆ ಟಿಪ್ಪು ಸುಲ್ತಾನನ ಕಾಲದ ಸೇನಾಕುದುರೆಗಳ ನೆನಪು ಬೆರೆತಿದೆ. ದಕ್ಷಿಣ ಕರ್ನಾಟಕದ ಉತ್ಸವಗಳಲ್ಲಿ ಕಾಣುವ ಕೀಲುಕುದುರೆಯಲ್ಲಿ ಕುದುರೆಗೆ ತಲೆ, ಕೊರಳು, ಬೆನ್ನು, ಬಾಲಗಳಿವೆ, ಕಾಲುಗಳಿಲ್ಲ. ನಡುವಿನ ತೆರಪಿನಲ್ಲಿ ಕುಣಿಯುವವನು ನಿಲ್ಲುತ್ತಾನೆ, ಸುತ್ತ ಇಳಿಬಿಟ್ಟ ಬಟ್ಟೆ ಅವನ ಕಾಲುಗಳನ್ನು ಮರೆಮಾಡುತ್ತದೆ. ಕುದುರೆಯ ಓಟವನ್ನು ಕುಣಿಯುವವನ ಹೆಜ್ಜೆಗಳು ಪೂರೈಸುತ್ತವೆ. ಇದೇ ಸೀಮೆಯ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ (ಸ್ಥಾಪನೆ 1884) ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕಾಗಿ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಒಂದೆಡೆ ಇಡೀ ಪ್ರಾಣಿ, ಇನ್ನೊಂದೆಡೆ ಅರ್ಧ ಪ್ರಾಣಿ. ಎರಡನ್ನೂ ಪ್ರೇಕ್ಷಕರು ಒಪ್ಪಿಕೊಂಡಿದ್ದಾರೆ. ಪಾತ್ರರಚನೆಯಲ್ಲಿ ಬಿಡುವುದೂ ಒಂದು ರಚನೆ ಎಂಬುದಕ್ಕೆ ಕೀಲುಕುದುರೆ ಉತ್ತಮ ನಿದರ್ಶನ.

ಡಿಜಿಟಲ್ ಮಾಧ್ಯಮದ ಸ್ವರೂಪ

ಗಣಕದಲ್ಲಿ ಚಿತ್ರವನ್ನು ಎರಡು ಬಗೆಯಲ್ಲಿ ಉಳಿಸಬಹುದು. ಪಿಕ್ಸೆಲ್ ಚಿತ್ರವು ಬಣ್ಣದ ಸಣ್ಣ ಚೌಕಗಳ ರಾಶಿ, ಹಿಗ್ಗಿಸಿದರೆ ಒಡೆಯುತ್ತದೆ. ವೆಕ್ಟರ್ ಚಿತ್ರವು ಬಿಂದುಗಳು ಮತ್ತು ಅವುಗಳನ್ನು ಕೂಡಿಸುವ ಬಾಗುಗಳ ಲೆಕ್ಕ. ಎಷ್ಟು ಹಿಗ್ಗಿಸಿದರೂ ಅಂಚು ಕೆಡದು. ಈ ಬಾಗುಗಳ ಗಣಿತವನ್ನು ಫ್ರಾನ್ಸಿನ ಮೋಟಾರು ಉದ್ಯಮದಲ್ಲಿ ಪಾಲ್ ದ ಕಾಸ್ಟೆಲ್ಜೋ ಮತ್ತು ಪಿಯರ್ ಬೆಜಿಯೆ ರೂಪಿಸಿದರು. 2001ರಲ್ಲಿ ಎಸ್‌ವಿಜಿ ಎಂಬ ಮುಕ್ತ ಮಾನಕ, 2003ರಲ್ಲಿ ಇಂಕ್‌ಸ್ಕೇಪ್ ಎಂಬ ಮುಕ್ತ ತಂತ್ರಾಂಶ ಬಂದವು. ಬಿಂದುವನ್ನಿಟ್ಟು ಅದರ ಸುತ್ತ ಅಥವಾ ಅದರ ಮೂಲಕ ಬಾಗನ್ನು ನಡೆಸುವ ಕೆಲಸ ರಂಗೋಲಿ ಹಾಕುವವರಿಗೆ ಅಪರಿಚಿತವಲ್ಲ.

ಗಣಕ ಕೊಡುವ ಹೆಚ್ಚಿನ ಅನುಕೂಲಗಳು ಮೂರು: ಆಕೃತಿಗಳನ್ನು ಕೂಡಿಸುವುದು, ಒಂದರಿಂದ ಇನ್ನೊಂದನ್ನು ಕಳೆಯುವುದು, ಪ್ರತಿ ಹಂತವನ್ನೂ ಬೇರೆ ಪದರದಲ್ಲಿ ಇಡುವುದು. ಆದರೆ ಗಣಕಕ್ಕೆ ಮಣ್ಣಿನ ಭಾರವಿಲ್ಲ, ತೊಗಲು ಹರಿಯುವ ಭಯವಿಲ್ಲ, ಚುಕ್ಕಿಯ ಕಟ್ಟೂ ಇಲ್ಲ. ಯಾವ ನಿರ್ಬಂಧವೂ ಇಲ್ಲದ ಕಡೆ ಕಲಾವಿದನು ತನಗೆ ತಾನೇ ನಿಯಮ ಹಾಕಿಕೊಳ್ಳಬೇಕಾಗುತ್ತದೆ. 1928ರಲ್ಲಿ ತೆರೆಗೆ ಬಂದ ಮಿಕ್ಕಿ ಮೌಸ್‌ನ ತಲೆ ಯಾವ ಕಡೆ ತಿರುಗಿದರೂ ಕಿವಿಗಳು ವೃತ್ತಗಳಾಗಿಯೇ ಕಾಣುತ್ತವೆ. ವಾಸ್ತವಕ್ಕೆ ಹೊಂದದ ಆ ಒಂದು ನಿಯಮವೇ ಪಾತ್ರದ ಗುರುತಾಯಿತು. ಗೂಳೂರಿನ ಸೊಂಡಿಲಿಗೆ ಮಣ್ಣು ಹಾಕಿಕೊಟ್ಟ ನಿಯಮವೂ ಇದೇ ಬಗೆಯದು.

ದಾಖಲೀಕರಣದ ಪ್ರಶ್ನೆ

ತೊಗಲುಗೊಂಬೆಯ ಛಾಯಾಚಿತ್ರವನ್ನು ಗಣಕಕ್ಕೇರಿಸಿ ಅಂಚನ್ನು ಮಾತ್ರ ಅನುಸರಿಸಿದರೆ ಕೆಲವು ನಿಮಿಷಗಳಲ್ಲಿ ‘ಜಾನಪದ ಶೈಲಿ’ಯ ಪ್ರಾಣಿ ಸಿದ್ಧವಾಗುತ್ತದೆ. ಅದರಲ್ಲಿ ರಂಧ್ರಗಳಿರುತ್ತವೆ, ಬೆಳಕಿರುವುದಿಲ್ಲ. ಕಾರಣ ಕಳೆದುಕೊಂಡ ರಂಧ್ರ ಬರಿಯ ಚುಕ್ಕಿಯಾಗುತ್ತದೆ. ಕಾನೂನಿನ ನೆಲೆಯಲ್ಲಿಯೂ ಸಮಸ್ಯೆಯಿದೆ. 1957ರ ಕೃತಿಸ್ವಾಮ್ಯ ಕಾಯಿದೆ ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳ ರಕ್ಷಣೆ ನೀಡುತ್ತದೆ. ತಲೆಮಾರುಗಳಿಂದ ಬಂದ ರೂಪಕ್ಕೆ ಒಬ್ಬ ಕರ್ತೃವನ್ನು ತೋರಿಸಲಾಗದು. ಹಾಗಾಗಿ ಅಂಚನ್ನು ನಕಲಿಸಿ ಹೊಸದೇನನ್ನೋ ಸೇರಿಸಿದವರು ತಮ್ಮ ರಚನೆಗೆ ಹಕ್ಕು ಕೇಳಬಹುದು. ಆ ರೂಪವನ್ನು ಕಟ್ಟಿ ಉಳಿಸಿದ ಕುಟುಂಬಕ್ಕೆ ಹೆಸರೂ ಉಳಿಯದಿರಬಹುದು. ಭೌಗೋಳಿಕ ಸೂಚಕ ಮಾನ್ಯತೆಯು ಊರಿನ ಉತ್ಪನ್ನದ ಹೆಸರನ್ನು ಕಾಯುತ್ತದೆಯೇ ಹೊರತು ರೂಪರಚನೆಯ ಕ್ರಮವನ್ನು ಕಾಯುವುದಿಲ್ಲ.

ಯುನೆಸ್ಕೋದ 2003ರ ಒಡಂಬಡಿಕೆಯು ವಸ್ತುವಿನೊಂದಿಗೆ ಅದರ ಹಿಂದಿನ ಜ್ಞಾನ ಮತ್ತು ಕೌಶಲವನ್ನೂ ಪರಂಪರೆಯೆಂದು ಗುರುತಿಸಿತು. ಭಾರತ ಅದನ್ನು 2005ರಲ್ಲಿ ಅನುಮೋದಿಸಿತು. ಈ ಹಿನ್ನೆಲೆಯಲ್ಲಿ ಸಂಶೋಧಕರೂ ಗ್ರಂಥಾಲಯಗಳೂ ಅನುಸರಿಸಬಹುದಾದ ಕೆಲವು ಕ್ರಮಗಳಿವೆ. ರಂಗೋಲಿಯನ್ನು ಸಂಗ್ರಹಿಸುವಾಗ ಚುಕ್ಕಿಯ ಲೆಕ್ಕ, ಬಗೆ ಮತ್ತು ಗೆರೆ ಎಳೆದ ಅನುಕ್ರಮವನ್ನು ಬರೆದುಕೊಳ್ಳುವುದು. ಗೊಂಬೆಯ ಚಿತ್ರದ ಜೊತೆಗೆ ದೀಪದ ಎದುರಿನ ಚಿತ್ರವನ್ನೂ ತೆಗೆಯುವುದು. ಪ್ರತಿ ಹಂತವನ್ನು ಬೇರೆ ಪದರದಲ್ಲಿಟ್ಟ ವೆಕ್ಟರ್ ಕಡತವನ್ನು ಮುಕ್ತ ಮಾನಕದಲ್ಲಿ ಉಳಿಸುವುದು. ಹೇಳಿಕೊಟ್ಟವರ ಹೆಸರನ್ನು ಅವರ ಒಪ್ಪಿಗೆ ಪಡೆದು ಕಡತದೊಳಗೇ ನಮೂದಿಸುವುದು. ಇವಕ್ಕೆ ಹೆಚ್ಚಿನ ವೆಚ್ಚ ಬೇಕಿಲ್ಲ. ಕಲಾವಿದರು ಕೆಲಸ ಮಾಡುವಾಗ ಬಳಿಯಲ್ಲಿದ್ದು ನೋಡುವ ವ್ಯವಧಾನ ಬೇಕು.

ಉಪಸಂಹಾರ

ವೃತ್ತ, ತ್ರಿಕೋನ, ಚೌಕಗಳು ಯಾವ ನಾಡಿಗೂ ಸೇರಿದವಲ್ಲ. ಅವುಗಳಿಂದ ಹಳ್ಳಿಕಾರ್ ಎತ್ತು ಮೂಡಬೇಕಾದರೆ ಕೊಂಬನ್ನು ಮೊದಲು ನೋಡಬೇಕು. ಗುಬ್ಬಕ್ಕ ಮೂಡಬೇಕಾದರೆ ಕಾಗಕ್ಕನನ್ನೂ ಬಲ್ಲವರಾಗಿರಬೇಕು. ಕುದುರೆ ಕುಣಿಯಬೇಕಾದರೆ ಅದರ ಕಾಲುಗಳನ್ನು ಬಿಡುವ ಧೈರ್ಯವಿರಬೇಕು. ಈ ತಿಳಿವಳಿಕೆ ಇಂದಿಗೂ ಹೊಸಿಲಿನಲ್ಲಿ, ಮಣ್ಣಿನ ಕೆಲಸದಲ್ಲಿ, ದೀಪದ ಮುಂದಿನ ಪರದೆಯಲ್ಲಿ ಉಳಿದುಕೊಂಡಿದೆ. ಅದನ್ನು ಕ್ರಮಸಹಿತವಾಗಿ ದಾಖಲಿಸಿದರೆ ಡಿಜಿಟಲ್ ಕಲಾವಿದರಿಗೆ ನಕಲಿಸಲು ಅಂಚಿನ ಬದಲು ಕಲಿಯಲು ವ್ಯಾಕರಣವೊಂದು ದೊರೆಯುತ್ತದೆ. ಸಿದ್ಧರೂಪಗಳನ್ನಷ್ಟೇ ಕಪಾಟಿನಲ್ಲಿಟ್ಟರೆ ಮುಂದಿನ ತಲೆಮಾರಿಗೆ ಹಳೆಯ ಪ್ರಾಣಿಗಳ ಚಿತ್ರಗಳು ಸಿಗುತ್ತವೆ. ಹೊಸ ಪ್ರಾಣಿಯನ್ನು ಕಟ್ಟುವ ವಿದ್ಯೆ ಸಿಗುವುದಿಲ್ಲ.