ವ್ಯಾಪಾರಿಯ ಕಾರು ಮತ್ತು ಲೆಕ್ಕದ ಪುಸ್ತಕ

ಹುಮನಾಬಾದ್ ಹಾಗೂ ಬಸವಕಲ್ಯಾಣದ ವರ್ತಕ ಬಂಧುಗಳಲ್ಲಿ ಅನೇಕರು ಖರೀದಿ, ವಸೂಲಿಗಳಿಗಾಗಿ ಸ್ವಂತ ಸಣ್ಣ ಸೆಡಾನ್ ಕಾರಿನಲ್ಲಿಯೇ ರಾಷ್ಟ್ರೀಯ ಹೆದ್ದಾರಿ 65ರ ಮೇಲೆ ಸಂಚರಿಸುತ್ತಾರೆ. ಆದರೆ ಕಾರಿನ ಲೆಕ್ಕವನ್ನು ಕ್ರಮವಾಗಿ ಇಡುವವರು ವಿರಳ.

ನಾನು ಬಲ್ಲ ಬೇಳೆ ವರ್ತಕರೊಬ್ಬರು ಕಾರಿನ ಪೂರ್ಣ ವೆಚ್ಚವನ್ನು ಅಂಗಡಿಯ ಖಾತೆಗೆ ಬರೆದಿದ್ದರು. ಮದುವೆ, ಜಾತ್ರೆಗಳಿಗೂ ಅದೇ ಕಾರು. ಓಡಾಟದ ದಾಖಲೆ ಇಲ್ಲದ ಕಾರಣ ಪರಿಶೀಲನೆಯಲ್ಲಿ ವೆಚ್ಚದ ಐದನೆಯ ಒಂದು ಭಾಗ ತಿರಸ್ಕೃತವಾಯಿತು.

ಜಿಎಸ್‌ಟಿ ಸೇರಿ 8 ಲಕ್ಷ ರೂ. ಬೆಲೆಯ ಕಾರೊಂದನ್ನು ಪರಿಗಣಿಸೋಣ. ಸರಕು ವಾಹನಕ್ಕೆ ದೊರೆಯುವ ಇನ್‌ಪುಟ್ ತೆರಿಗೆ ಜಮೆ ವರ್ತಕರ ಸ್ವಂತ ಕಾರಿಗೆ ಲಭಿಸದು. ಅದರ ದುರಸ್ತಿ, ವಿಮೆಗಳಿಗೂ ಲಭಿಸದು. ಆದ್ದರಿಂದ ತೆರಿಗೆಯೂ ಮೂಲಬೆಲೆಗೇ ಸೇರುತ್ತದೆ. ಆದಾಯ ತೆರಿಗೆ ನಿಯಮದ ಶೇ. 15ರ ಸವಕಳಿಯನ್ನು ಉಳಿಕೆ ಮೌಲ್ಯದ ಮೇಲೆ ಪೂರ್ಣ 5 ವರ್ಷ ಕಳೆದರೆ ಪುಸ್ತಕದಲ್ಲಿ ಸುಮಾರು 3.55 ಲಕ್ಷ ರೂ. ಉಳಿಯುತ್ತದೆ. ಮಾರುಕಟ್ಟೆ ಈ ಅಂಕಿಯನ್ನು ಮನ್ನಿಸಬೇಕೆಂದಿಲ್ಲ. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹೊಸದರ ಬೆಲೆ ತಗ್ಗಿದಾಗ ಹಳೆಯದರ ಬೆಲೆಯೂ ತಗ್ಗುವುದು ಸಹಜ.

ಕಾರಿನಲ್ಲೊಂದು ನೋಟುಪುಸ್ತಕವಿಡಿ: ದಿನಾಂಕ, ಊರು, ಕೆಲಸ, ಕಿ.ಮೀ. ವರ್ಷಾಂತ್ಯದಲ್ಲಿ ಇಂಧನ, ದುರಸ್ತಿ, ವಿಮೆ, ಸವಕಳಿಗಳ ಮೊತ್ತವನ್ನು ಓಡಿದ ಕಿ.ಮೀ.ಗಳಿಂದ ಭಾಗಿಸಿರಿ. ಕಾರನ್ನು ಉಳಿಸಿಕೊಳ್ಳಬೇಕೋ ಮಾರಬೇಕೋ ಎಂಬ ಪ್ರಶ್ನೆಗೆ ಆ ಅಂಕಿಯೇ ಉತ್ತರ ನೀಡುತ್ತದೆ.