ತನ್ನ ಕೈಗುಣಕ್ಕೆ ತಾನೇ ಅಂಕ ಕೊಟ್ಟರೆ?



ರೆಕಾರ್ಡ್ ಮಾಡಿದ ತಮ್ಮದೇ ದನಿಯನ್ನು ಮೊದಲ ಸಲ ಕೇಳಿದವರು "ಇದು ನನ್ನ ದನಿಯೇ?" ಎಂದು ಅಚ್ಚರಿಪಡುವುದುಂಟು. ನಮ್ಮ ಮಾತು ನಮಗೆ ತಲೆಬುರುಡೆಯ ಮೂಳೆಗಳ ಮೂಲಕವೂ ಕೇಳಿಸುತ್ತದೆ. ಹಾಗಾಗಿ ಬೇರೆಯವರ ಕಿವಿಗೆ ಅದು ಹೇಗಿದೆ ಎಂಬುದು ನಮಗೆ ತಿಳಿಯುವುದಿಲ್ಲ. ಕೆಲಸದ ವಿಷಯದಲ್ಲೂ ಇಂಥದೇ ಅಂತರವಿದೆ. ಆ ಕೆಲಸ ಶಸ್ತ್ರಚಿಕಿತ್ಸೆಯಾದರೆ, ಅಂತರದ ಬೆಲೆ ತೆರುವವರು ರೋಗಿಗಳು.

ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಸರ್ಜನ್ ಆಗಲು ಮೂರು ವರ್ಷಗಳ ಎಂ.ಎಸ್. ತರಬೇತಿ ಪಡೆಯುತ್ತಾರೆ. ಮೊದಲು ಹಿರಿಯರ ಪಕ್ಕ ನಿಂತು ನೋಡುವುದು, ಆಮೇಲೆ ಕೈಜೋಡಿಸುವುದು, ಕೊನೆಗೆ ಅವರ ಎದುರೇ ತಾವು ಮಾಡುವುದು. ಹೆಜ್ಜೆ ಹೆಜ್ಜೆಗೂ ಒಂದು ಪ್ರಶ್ನೆ ಏಳುತ್ತದೆ: "ಇದು ನನ್ನ ಕೈಲಿ ಆಗುತ್ತದೆಯೇ, ಹಿರಿಯರನ್ನು ಕರೆಯಲೇ?" ಸರಿಯಾದ ಉತ್ತರ ಸಿಗಬೇಕಾದರೆ ತನ್ನ ಅಳತೆ ತನಗೆ ಗೊತ್ತಿರಬೇಕು.

ಗೊತ್ತಿರುತ್ತದೆಯೇ? ವೈದ್ಯರು ತಮಗೆ ತಾವೇ ಕೊಟ್ಟುಕೊಂಡ ಅಂಕವನ್ನು ಅವರ ನಿಜವಾದ ಸಾಮರ್ಥ್ಯದ ಜೊತೆ ಹೋಲಿಸಿದ ಅಧ್ಯಯನಗಳ ಅವಲೋಕನವೊಂದು 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. 20 ಹೋಲಿಕೆಗಳಲ್ಲಿ 13ರಲ್ಲಿ ಎರಡಕ್ಕೂ ತಾಳೆಯೇ ಇರಲಿಲ್ಲ, ಇಲ್ಲವೇ ತೀರಾ ಕಡಿಮೆ ಇತ್ತು. ಕೆಲವೆಡೆ ತದ್ವಿರುದ್ಧವೇ ಆಗಿತ್ತು. ಕೌಶಲ ಕಡಿಮೆಯಿದ್ದು ಆತ್ಮವಿಶ್ವಾಸ ಹೆಚ್ಚಿದ್ದವರ ಅಂದಾಜೇ ಹೆಚ್ಚು ತಪ್ಪಿತ್ತು.

ಇದು ಸುಳ್ಳು ಹೇಳುವ ಚಾಳಿಯಲ್ಲ. 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ರೂಗರ್ ಮತ್ತು ಡನ್ನಿಂಗ್ ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ನಡೆಸಿ ಒಂದು ಕಾರಣ ಸೂಚಿಸಿದರು. ಕೆಲಸ ಚೆನ್ನಾಗಿ ಮಾಡಲು ಯಾವ ತಿಳಿವಳಿಕೆ ಬೇಕೋ, ಕೆಲಸ ಚೆನ್ನಾಗಿ ಆಗಿದೆಯೇ ಎಂದು ತೀರ್ಮಾನಿಸಲೂ ಅದೇ ಬೇಕು. ಅದಿಲ್ಲದವನಿಗೆ ತನ್ನ ಕೊರತೆ ಕಾಣುವುದಿಲ್ಲ. ಜಾಣರಾದರೋ ತಮ್ಮ ಸ್ಥಾನವನ್ನು ಕಡಿಮೆಯೆಂದೇ ಎಣಿಸಿದ್ದರು!

ಪರಿಹಾರವೇನು? ಹೊರಗಿನ ಕಣ್ಣು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ 'ಓಸ್ಯಾಟ್ಸ್' ಎಂಬ ಅಳತೆಗೋಲು ರೂಪಿಸಿದರು. ಅಂಗಾಂಶವನ್ನು ಎಷ್ಟು ಜೋಪಾನವಾಗಿ ಮುಟ್ಟುತ್ತಾರೆ, ಉಪಕರಣ ಹೇಗೆ ಹಿಡಿಯುತ್ತಾರೆ, ವ್ಯರ್ಥ ಚಲನೆ ಎಷ್ಟು ಎಂಬಂಥ ಏಳು ಅಂಶಗಳಿಗೆ ಪರೀಕ್ಷಕರು 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಇನ್ನೊಂದು ಉಪಾಯ ವಿಡಿಯೋ. ತರಬೇತಿಯಲ್ಲಿದ್ದವರು ತಾವು ಮಾಡಿದ ಶಸ್ತ್ರಚಿಕಿತ್ಸೆಯ ವಿಡಿಯೋ ನೋಡಿ ಅಂಕ ಕೊಟ್ಟುಕೊಂಡಾಗ ಅದು ಪರೀಕ್ಷಕರ ಅಂಕಕ್ಕೆ ಇನ್ನಷ್ಟು ಹತ್ತಿರವಾದದ್ದು 2003ರ ಅಧ್ಯಯನವೊಂದರಲ್ಲಿ ಕಂಡುಬಂತು.

ಈ ಅಂಕಗಳು ಕಾಗದದ ಲೆಕ್ಕವಷ್ಟೇ ಅಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬೊಜ್ಜು ನಿವಾರಣೆಯ ಶಸ್ತ್ರಚಿಕಿತ್ಸೆ ಮಾಡುವ 20 ಅನುಭವಿ ಸರ್ಜನ್‌ಗಳ ವಿಡಿಯೋಗಳನ್ನು, ಹೆಸರು ತಿಳಿಸದೆ, ಅವರ ಸಹೋದ್ಯೋಗಿಗಳಿಗೆ ತೋರಿಸಿ ಅಂಕ ಹಾಕಿಸಲಾಯಿತು. 2013ರಲ್ಲಿ ಫಲಿತಾಂಶ ಹೊರಬಂತು. ಕಡಿಮೆ ಅಂಕ ಪಡೆದ ಕಾಲುಭಾಗದವರ ರೋಗಿಗಳಲ್ಲಿ ಶೇ. 14.5 ಮಂದಿಗೆ ತೊಡಕುಗಳಾಗಿದ್ದವು. ಹೆಚ್ಚು ಅಂಕ ಪಡೆದ ಕಾಲುಭಾಗದವರಲ್ಲಿ ಶೇ. 5.2 ಮಾತ್ರ.

ದೊಡ್ಡ ಊರಿನ ದೊಡ್ಡಾಸ್ಪತ್ರೆಗೆ ಹೋದಾಗ ನಾವು ವೈದ್ಯರ ಧೈರ್ಯದ ಮಾತಿನಿಂದಲೇ ಅವರ ಕೈಗುಣ ಅಳೆಯುತ್ತೇವೆ. ಅದರ ಬದಲು ಮೂರು ಮಾತು ಕೇಳಿ. ಶಸ್ತ್ರಚಿಕಿತ್ಸೆ ಮಾಡುವವರು ಯಾರು? ಇಂಥವನ್ನು ಎಷ್ಟು ಮಾಡಿದ್ದಾರೆ? ಹಿರಿಯರು ಒಳಗಿರುತ್ತಾರೆಯೇ? ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. "ಸ್ವಲ್ಪ ತಾಳಿ, ನಮ್ಮ ಸರ್ ಅವರನ್ನು ಕೇಳುತ್ತೇನೆ" ಎಂದ ಕಿರಿಯ ವೈದ್ಯರನ್ನು ಕಂಡರೆ ಹೆದರಬೇಡಿ. ತಮ್ಮ ಕೈಯ ಅಳತೆ ಅವರಿಗೆ ಗೊತ್ತಿದೆ.